ಲಿನಕ್ಸ್‌ಗೆ ಡಿಸ್ಕ್ ಕಾಣದಿದ್ದಾಗ: ವಿಂಡೋಸ್ ಅಳಿಸುವ ಮುನ್ನ ನೋಡಿಕೊಳ್ಳಬೇಕಾದ ಸರದಿ

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ಇಂಟೆಲ್ 7ನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್ ಮತ್ತು 256 ಜಿಬಿಯ ಎಸ್‌ಎಸ್‌ಡಿ ಇವೆ. ಕೊಳ್ಳುವಾಗಲೇ ಅದರಲ್ಲಿ ವಿಂಡೋಸ್ 10 ಇತ್ತು. ವಿಂಡೋಸ್ 11 ಈ ಯಂತ್ರಕ್ಕೆ ಆಗದು ಎಂಬ ಸೂಚನೆ ಬರುತ್ತಿರುವುದರಿಂದ ವಿಂಡೋಸನ್ನು ಪೂರ್ತಿ ತೆಗೆದು ಲಿನಕ್ಸ್ ಹಾಕಬೇಕೆಂದಿದ್ದೇನೆ. ಪೆನ್ ಡ್ರೈವಿನಿಂದ ಲಿನಕ್ಸ್ ಶುರುವಾಗುತ್ತದೆ, ಆದರೆ ಇನ್‌ಸ್ಟಾಲ್ ಮಾಡಹೊರಟರೆ ಒಳಗಿನ ಡಿಸ್ಕೇ ಕಾಣಿಸುವುದಿಲ್ಲ. ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗ್ಸ್‌ನಲ್ಲಿ) ‘ರೇಡ್’ ಎಂದಿರುವುದನ್ನು ‘ಎಎಚ್‌ಸಿಐ’ ಮಾಡಿ ಎಂದು ಪರಿಚಿತರೊಬ್ಬರು ಹೇಳಿದರು. ಹಾಗೆ ಮಾಡಿದಾಗ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಹೋಯಿತು. ಹೆದರಿ ಮೊದಲಿನಂತೆಯೇ ಇಟ್ಟೆ, ವಿಂಡೋಸ್ ಮತ್ತೆ ಬಂತು. ಮುಂದೇನು ಮಾಡಲಿ? ಲಿನಕ್ಸ್ ಒಗ್ಗದಿದ್ದರೆ ವಿಂಡೋಸ್‌ಗೆ ಮರಳಬಹುದೇ? ‘ನುಡಿ’ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದಲ್ಲಿ ಬರೆದಿಟ್ಟ ಹಳೆಯ ಕಡತಗಳೂ ನನ್ನಲ್ಲಿವೆ.

ಉತ್ತರ: ನಿಮ್ಮ ಪರಿಚಿತರು ಹೇಳಿದ ಮಾತು ಸರಿಯಾದದ್ದೇ, ನೀವು ಹೆದರಿ ಹಿಂದೆ ಸರಿದದ್ದೂ ಸರಿಯೇ. ತಪ್ಪಿದ್ದು ಸರದಿ ಮಾತ್ರ. ಆ ಬದಲಾವಣೆಯನ್ನು ಮಾಡಲೇಬೇಕು, ಆದರೆ ವಿಂಡೋಸ್‌ನಿಂದ ಪಡೆಯಬೇಕಾದುದನ್ನೆಲ್ಲ ಪಡೆದುಕೊಂಡ ಮೇಲೆ.

ಮೊದಲು ಡಿಸ್ಕ್ ಏಕೆ ಕಾಣಲಿಲ್ಲ ಎಂಬುದನ್ನು ಹೇಳುತ್ತೇನೆ. ನಿಮ್ಮ ಯಂತ್ರದ ಕಾಲದ ಎಷ್ಟೋ ಲ್ಯಾಪ್‌ಟಾಪುಗಳನ್ನು ಇಂಟೆಲ್‌ನ ‘ರ್‍ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ’ ಎಂಬ ಏರ್ಪಾಡನ್ನು ಚಾಲೂ ಮಾಡಿಯೇ ಕಾರ್ಖಾನೆಯಿಂದ ಕಳುಹಿಸುತ್ತಿದ್ದರು. ಬಯೋಸ್‌ನಲ್ಲಿ ‘ರೇಡ್’ ಅಥವಾ ‘ಆಪ್ಟೇನ್’ ಎಂಬ ಹೆಸರಿನಲ್ಲಿ ಕಾಣುವುದು ಇದೇ. ರೇಡ್ ಇರುವುದು ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸಲು, ಒಂದೇ ಡಿಸ್ಕ್ ಇರುವ ಯಂತ್ರದಲ್ಲಿ ಅದಕ್ಕೆ ಕೆಲಸವೇನೂ ಇಲ್ಲ. ಆದರೂ ಈ ಏರ್ಪಾಡಿನಲ್ಲಿ ಎನ್‌ವಿಎಂಇ ಎಂಬ ವೇಗದ ಜಾತಿಯ ಎಸ್‌ಎಸ್‌ಡಿ ತಾನೇ ನೇರವಾಗಿ ಕಾಣಿಸಿಕೊಳ್ಳದೆ, ಸಾಟಾ ಎಂಬ ಹಳೆಯ ಬಗೆಯ ಡಿಸ್ಕುಗಳ ನಿಯಂತ್ರಕದ ಮರೆಯಲ್ಲಿ ಕುಳಿತಿರುತ್ತದೆ. ಇಂಟೆಲ್‌ನ ಚಾಲಕ ತಂತ್ರಾಂಶವಿರುವ ವಿಂಡೋಸ್‌ಗೆ ಆ ಮರೆಯ ಹಿಂದಿನದು ಕಾಣುತ್ತದೆ, ಲಿನಕ್ಸ್‌ಗೆ ಕಾಣುವುದಿಲ್ಲ. ಎಎಚ್‌ಸಿಐ ಮಾಡಿದೊಡನೆ ಮರೆ ಸರಿದು ಎಸ್‌ಎಸ್‌ಡಿ ನೇರವಾಗಿ ಎದುರಾಗುತ್ತದೆ. ಆದರೆ ವಿಂಡೋಸ್ ತಾನು ಶುರುವಾಗುವಾಗ ಹಿಂದೆ ಬಳಸುತ್ತಿದ್ದ ಡಿಸ್ಕ್ ಚಾಲಕವನ್ನಷ್ಟೇ ಎತ್ತಿಕೊಳ್ಳುವುದರಿಂದ, ದಾರಿ ಬದಲಾದಾಗ ತನ್ನದೇ ಡಿಸ್ಕನ್ನು ತಲುಪಲಾಗದೆ ನೀಲಿ ಪರದೆ ತೋರಿಸುತ್ತದೆ. ಇದರಲ್ಲಿ ಒಂದು ಕಡತವೂ ನಾಶವಾಗಿರುವುದಿಲ್ಲ. ಹಿಂದಿನಂತೆ ಇಟ್ಟಾಗ ಎಲ್ಲವೂ ಮರಳಿದ್ದು ಅದಕ್ಕೇ.

ವಿಂಡೋಸ್ 11ರ ನಿರಾಕರಣೆಗೂ ನಿಮ್ಮ ಯಂತ್ರದ ಆರೋಗ್ಯಕ್ಕೂ ಸಂಬಂಧವಿಲ್ಲ. ಇಂಟೆಲ್‌ನ ಪ್ರೊಸೆಸರುಗಳಲ್ಲಿ ಅದು ಬಹುತೇಕ 8ನೇ ತಲೆಮಾರಿನಿಂದ ಈಚಿನವನ್ನೇ ಒಪ್ಪುತ್ತದೆ, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಇರಬೇಕೆನ್ನುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 8 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಇಂದಿನ ಯಾವುದೇ ಮುಖ್ಯ ಲಿನಕ್ಸ್ ಸರಾಗವಾಗಿ ಓಡುತ್ತದೆ. ‘ಹಳೆಯ ಯಂತ್ರಕ್ಕೆ ಹಗುರ ಲಿನಕ್ಸ್’ ಎಂದು ಹುಡುಕಿಕೊಂಡು ಹೋಗುವ ಅಗತ್ಯ ನಿಮಗಿಲ್ಲ.

ಇನ್ನು ಸರದಿಯ ವಿಚಾರ. ಲಿನಕ್ಸ್ ಇನ್‌ಸ್ಟಾಲ್ ಮಾಡುವುದು ಅರ್ಧ ಗಂಟೆಯ ಕೆಲಸ, ಅದರಲ್ಲಿ ಹಿಂತಿರುಗಿಸಲಾಗದ ಗಳಿಗೆ ಒಂದೇ ಒಂದು: ಡಿಸ್ಕ್ ಅಳಿಸುವ ಗುಂಡಿಯನ್ನು ಒತ್ತುವುದು. ಅದಕ್ಕಿಂತ ಮೊದಲು ಮಾಡಿದ್ದನ್ನೆಲ್ಲ ರದ್ದುಗೊಳಿಸಬಹುದು, ಆಮೇಲೆ ಎಡವಿದರೆ ಮತ್ತೊಮ್ಮೆ ಇನ್‌ಸ್ಟಾಲ್ ಮಾಡಬಹುದು. ಆದ್ದರಿಂದ ನಿಮ್ಮ ಎಚ್ಚರವೆಲ್ಲ ಆ ಗುಂಡಿಯ ಈಚೆಗೇ ಖರ್ಚಾಗಬೇಕು.

ಬಯೋಸ್ ಮುಟ್ಟುವ ಮೊದಲೇ, ವಿಂಡೋಸ್ ಓಡುತ್ತಿರುವಾಗಲೇ, ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ‘ಪೆನ್ ಡ್ರೈವಿನ ಲಿನಕ್ಸ್‌ನಿಂದಲೇ ನಕಲು ಮಾಡಿಕೊಂಡರಾಯಿತು’ ಎಂಬ ಸಲಹೆಯನ್ನು ಕೆಲವರು ಕೊಡುತ್ತಾರೆ. ಅದರಲ್ಲಿ ಒಂದು ಬಲೆಯಿದೆ. ವಿಂಡೋಸ್‌ನಲ್ಲಿ ಒನ್‌ಡ್ರೈವ್ ಚಾಲ್ತಿಯಲ್ಲಿದ್ದರೆ ನಿಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳು ನಿಮಗೆ ತಿಳಿಯದೆಯೇ ಅದರೊಳಗೆ ಸೇರಿರಬಹುದು. ಅಲ್ಲಿ ಹೆಸರು ಮತ್ತು ಗಾತ್ರ ಕಾಣುತ್ತಿರುವ ಕಡತ ನಿಜವಾಗಿ ನಿಮ್ಮ ಡಿಸ್ಕಿನಲ್ಲಿ ಇಲ್ಲದೆಯೂ ಇರಬಹುದು. ಹೆಸರಿನ ಪಕ್ಕದಲ್ಲಿ ಮೋಡದ ಚಿಹ್ನೆಯಿದ್ದರೆ ಕಡತ ದೂರದ ಸರ್ವರಿನಲ್ಲಿದೆ, ಹಸಿರು ಗುರುತಿದ್ದರೆ ಮಾತ್ರ ನಿಮ್ಮ ಯಂತ್ರದಲ್ಲಿದೆ. ವಿಂಡೋಸ್‌ನೊಳಗೆ ನಕಲು ಮಾಡಿದರೆ ಅದು ಇಂಟರ್ನೆಟ್‌ನಿಂದ ಇಳಿದು ಬರುತ್ತದೆ; ಲಿನಕ್ಸ್‌ನಿಂದ ನಕಲು ಮಾಡಹೊರಟರೆ ಸಿಗುವುದು ಬರಿಯ ಹೆಸರುಹಲಗೆ. ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ, ಯಾವಾಗಲೂ ಈ ಸಾಧನದಲ್ಲೇ ಇರಿಸುವ ಆಯ್ಕೆಯನ್ನು ಕೊಟ್ಟು, ಎಲ್ಲವೂ ಹಸಿರಾಗುವವರೆಗೆ ಕಾದು, ಆಮೇಲೆ ನಕಲು ಮಾಡಿ.

ಫೋಲ್ಡರುಗಳಲ್ಲಿ ಕಾಣದ ವಸ್ತುಗಳೂ ಇವೆ. ಬ್ರೌಸರ್ ನೆನಪಿಟ್ಟುಕೊಂಡಿರುವ ಪಾಸ್‌ವರ್ಡುಗಳು, ಔಟ್‌ಲುಕ್‌ನ ಪಿಎಸ್‌ಟಿ ಕಡತದಲ್ಲಿರುವ ಹಳೆಯ ಮಿಂಚಂಚೆಗಳು, ನೀವೇ ಹಾಕಿಕೊಂಡ ಫಾಂಟುಗಳು, ಹಣ ಕೊಟ್ಟು ಪಡೆದ ತಂತ್ರಾಂಶಗಳ ಕೀಲಿಸಂಖ್ಯೆಗಳು ಇವನ್ನು ಬೇರೆಯಾಗಿಯೇ ಎತ್ತಿಡಬೇಕು. ನಕಲು ಮುಗಿದ ಮೇಲೆ ಹೊರಗಿನ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಚುಚ್ಚಿ ಹತ್ತಾರು ಕಡತಗಳನ್ನು ತೆರೆದು ನೋಡಿ.

ಆ ಬಳಿಕ ಆ ಡಿಸ್ಕನ್ನು ಕಿತ್ತು ಕಪಾಟಿನಲ್ಲಿಡಿ. ಇದನ್ನು ಒತ್ತಿ ಹೇಳಲು ನನ್ನದೇ ಒಂದು ಪೆದ್ದುತನ ಕಾರಣ. ಒಮ್ಮೆ ಸ್ನೇಹಿತರ ಯಂತ್ರಕ್ಕೆ ಲಿನಕ್ಸ್ ಹಾಕಿಕೊಡುವಾಗ ಬ್ಯಾಕಪ್ ಇದ್ದ ಡಿಸ್ಕನ್ನು ಕೀಳುವುದು ಮರೆತಿದ್ದೆ. ಒಳಗಿನದೂ ಹೊರಗಿನದೂ 1 ಟಿಬಿಯವೇ ಆಗಿದ್ದವು, ಪಟ್ಟಿಯಲ್ಲಿ ಮೊದಲಿದ್ದುದನ್ನು ಆರಿಸಿ ಮುಂದೆ ಹೋದೆ. ಅಳಿಸಿಹೋದದ್ದು ಬ್ಯಾಕಪ್. ಒಳಗಿನ ಡಿಸ್ಕಿನಲ್ಲಿ ಮೂಲ ಇನ್ನೂ ಹಾಗೆಯೇ ಇದ್ದುದರಿಂದ ಅಂದು ಉಳಿದುಕೊಂಡೆ.

ವಿಂಡೋಸ್‌ಗೆ ಮರಳಬಹುದೇ ಎಂದು ಕೇಳಿದ್ದೀರಿ. ಮರಳಬಹುದು. ವಿಂಡೋಸ್ 8ರ ಕಾಲದಿಂದ ಈಚೆಗೆ, ವಿಂಡೋಸ್ ಹಾಕಿಯೇ ಮಾರುವ ಲ್ಯಾಪ್‌ಟಾಪುಗಳಲ್ಲಿ ಪರವಾನಗಿಯ ಕೀಲಿಸಂಖ್ಯೆ ಸಾಮಾನ್ಯವಾಗಿ ಡಿಸ್ಕಿನಲ್ಲಿರದೆ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿ (ಬೋರ್ಡಿನ ಚಿಪ್ಪಿನಲ್ಲೇ ಇರುವ ತಂತ್ರಾಂಶದಲ್ಲಿ) ಬರೆದಿರುತ್ತದೆ. ಡಿಸ್ಕ್ ಪೂರ್ತಿ ಅಳಿಸಿದರೂ ಆ ಸಂಖ್ಯೆ ಅಲ್ಲೇ ಉಳಿಯುತ್ತದೆ. ಅದೇ ಆವೃತ್ತಿಯ ವಿಂಡೋಸನ್ನು ಮತ್ತೆ ಹಾಕಿದರೆ ಅದು ತಾನಾಗಿಯೇ ಸಕ್ರಿಯಗೊಳ್ಳುತ್ತದೆ. ಹೋಗುವುದು ತಯಾರಕರು ಡಿಸ್ಕಿನ ಒಂದು ಮೂಲೆಯಲ್ಲಿ ಇಟ್ಟಿರುವ ರಿಕವರಿ ಪಾರ್ಟಿಷನ್, ಅಂದರೆ ವಿಂಡೋಸನ್ನು ಮತ್ತೆ ಹಾಕಲು ಬೇಕಾದುದನ್ನು ಉಳಿಸಿಟ್ಟಿರುವ ಭಾಗ. ಅದರ ಬದಲಿಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ, ಕನಿಷ್ಠ 8 ಜಿಬಿಯ ಇನ್ನೊಂದು ಪೆನ್ ಡ್ರೈವಿನಲ್ಲಿ ವಿಂಡೋಸ್ ಇನ್‌ಸ್ಟಾಲರನ್ನು ಈಗಲೇ ಮಾಡಿಟ್ಟುಕೊಳ್ಳಿ. ಲಿನಕ್ಸ್‌ನಲ್ಲಿ ಕುಳಿತು ಅದನ್ನು ತಯಾರಿಸುವುದು ಸಾಧ್ಯ, ಆದರೆ ತ್ರಾಸದ ಕೆಲಸ. ಹಾಗೆಯೇ ತಯಾರಕರು ಬಯೋಸ್‌ಗೆ ಹೊಸ ಆವೃತ್ತಿ ಕೊಟ್ಟಿದ್ದರೆ ಅದನ್ನೂ ಈಗಲೇ ಹಾಕಿಬಿಡಿ; ಅನೇಕ ಮಾದರಿಗಳಿಗೆ ಅದು ವಿಂಡೋಸ್‌ನಲ್ಲಷ್ಟೇ ಓಡುವ ಕಡತವಾಗಿ ಬರುತ್ತದೆ.

ಸ್ವಲ್ಪ ಹಣ ಹೋದರೂ ಚಿಂತೆಯಿಲ್ಲ ಎನ್ನುವವರಿಗೆ ನಾನು ಹೇಳುವ ದಾರಿ ಬೇರೆ: ಹಳೆಯ ಎಸ್‌ಎಸ್‌ಡಿಯನ್ನು ಬಿಚ್ಚಿ ತೆಗೆದಿಟ್ಟು, ಅದರ ಜಾಗದಲ್ಲಿ ಹೊಸದೊಂದನ್ನು ಕೂರಿಸಿ ಅದಕ್ಕೆ ಲಿನಕ್ಸ್ ಹಾಕುವುದು. ಅಳಿಸುವ ಪ್ರಮೇಯವೇ ಬರುವುದಿಲ್ಲ. ಒಗ್ಗದಿದ್ದರೆ ಹಳೆಯದನ್ನು ಮತ್ತೆ ಕೂರಿಸಿ, ಬಯೋಸ್‌ನಲ್ಲಿ ರೇಡ್‌ಗೆ ಮರಳಿದರೆ ನಿಮ್ಮ ವಿಂಡೋಸ್ ಬಿಟ್ಟ ಜಾಗದಲ್ಲೇ ಸಿಗುತ್ತದೆ. ಕೊಳ್ಳುವ ಮುನ್ನ ಹಿಂಬದಿಯ ಮುಚ್ಚಳ ತೆಗೆದು ಒಳಗಿರುವುದು ಎನ್‌ವಿಎಂಇಯೋ ಸಾಟಾವೋ ನೋಡಿ, ಅಳತೆಯನ್ನೂ ಗಮನಿಸಿ. 2280 ಎಂದು ಬರೆದಿದ್ದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ ಎಂದರ್ಥ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ಇದು ಬೋರ್ಡಿಗೇ ಬೆಸೆದುಕೊಂಡಿರುತ್ತದೆ. ಅವುಗಳಲ್ಲಿ ಈ ದಾರಿ ಇಲ್ಲ. ಒಂದೇ ಡಿಸ್ಕಿನಲ್ಲಿ ಎರಡನ್ನೂ ಇಟ್ಟುಕೊಳ್ಳುವ ‘ಡ್ಯುಯಲ್ ಬೂಟ್’ ಏರ್ಪಾಡನ್ನು ನಿಮಗೆ ಶಿಫಾರಸು ಮಾಡಲಾರೆ. 256 ಜಿಬಿಯನ್ನು ಪಾಲು ಮಾಡಿದರೆ ಎರಡಕ್ಕೂ ಇಕ್ಕಟ್ಟು. ಅದಕ್ಕಿಂತ ಹೆಚ್ಚಾಗಿ, ಸಣ್ಣ ತೊಡಕು ಬಂದಾಗಲೆಲ್ಲ ಹಳೆಯದಕ್ಕೆ ಹಾರಿಕೊಂಡು ಹೊಸದನ್ನು ಕಲಿಯದೇ ಉಳಿದವರನ್ನು ಬಹಳ ನೋಡಿದ್ದೇನೆ.

ಬಯೋಸ್ ಬದಲಾವಣೆಗೆ ಮುನ್ನ ಕೊನೆಯದಾಗಿ, ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ‘ಡಿವೈಸ್ ಎನ್‌ಕ್ರಿಪ್ಷನ್’ ಅಥವಾ ‘ಬಿಟ್‌ಲಾಕರ್’ ಚಾಲೂ ಇದೆಯೇ ನೋಡಿ. ಇದ್ದರೆ, ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್‌ನಂಥದ್ದನ್ನು (ಅಧಿಕೃತ ಸಹಿಯಿಲ್ಲದ ತಂತ್ರಾಂಶದಿಂದ ಯಂತ್ರ ಶುರುವಾಗದಂತೆ ತಡೆಯುವ ಏರ್ಪಾಡು) ಬದಲಿಸಿದಾಗ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುತ್ತಿದ್ದರೆ ಆ ಸಂಖ್ಯೆ ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಉಳಿದಿರುತ್ತದೆ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಇಷ್ಟಾದ ಮೇಲೆ ಎಎಚ್‌ಸಿಐ ಮಾಡಿ, ನೇರವಾಗಿ ಪೆನ್ ಡ್ರೈವಿನಿಂದಲೇ ಯಂತ್ರವನ್ನು ಶುರುಮಾಡಿ. ಯಾವ ಲಿನಕ್ಸ್ ಎಂದು ನೀವು ಕೇಳಿಲ್ಲವಾದರೂ ಹೇಳಿಬಿಡುತ್ತೇನೆ: ವಿಂಡೋಸ್‌ನಿಂದ ಬರುವವರಿಗೆ ಲಿನಕ್ಸ್ ಮಿಂಟ್‌ನ ಸಿನಮನ್ ಆವೃತ್ತಿ. ಕೆಳಗಿನ ಪಟ್ಟಿ, ಮೂಲೆಯ ಮೆನು, ಕಿಟಕಿಯ ಗುಂಡಿಗಳು ಎಲ್ಲವೂ ಕೈಗೆ ರೂಢಿಯಾದ ಜಾಗದಲ್ಲೇ ಇರುತ್ತವೆ. 22ನೇ ಸರಣಿಯು ಉಬುಂಟು 24.04ರ ತಳಹದಿಯ ಮೇಲಿದ್ದು 2029ರವರೆಗೆ ಭದ್ರತಾ ಪರಿಷ್ಕರಣೆಗಳನ್ನು ಪಡೆಯುತ್ತದೆ. ಫೆಡೋರಾ ಚೆನ್ನಾಗಿದೆ, ಆದರೆ ಸುಮಾರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಡೆಬಿಯನ್ ಗಟ್ಟಿ, ಆದರೆ ಹೊಸಬರಿಗೆ ಕೈಹಿಡಿದು ನಡೆಸುವುದು ಕಡಿಮೆ. ನೀವು ಈಗಾಗಲೇ ಬೇರೊಂದನ್ನು ಪೆನ್ ಡ್ರೈವಿಗೆ ಬರೆದಿದ್ದು ಅದು ಇಷ್ಟವಾಗಿದ್ದರೆ ಬದಲಿಸಬೇಕಿಲ್ಲ. ಇಳಿಸಿಕೊಂಡ ಐಎಸ್‌ಒ ಕಡತದ (ಪೆನ್ ಡ್ರೈವಿಗೆ ಬರೆಯುವ ಲಿನಕ್ಸ್ ಕಡತ) ಎಸ್‌ಎಚ್‌ಎ-256 ಮೊತ್ತವನ್ನು, ಅಂದರೆ ಕಡತದ ಬೆರಳಚ್ಚಿನಂಥ ಗುರುತನ್ನು, ಅಧಿಕೃತ ಪುಟದಲ್ಲಿರುವ 64 ಅಕ್ಷರಗಳ ಸಾಲಿನೊಂದಿಗೆ ಹೋಲಿಸಿ ನೋಡುವುದನ್ನು ಮಾತ್ರ ಬಿಡಬೇಡಿ. ನಡುವೆ ಕೆಟ್ಟುಹೋದ ಕಡತದಿಂದ ಬರುವ ತೊಂದರೆಗಳು ಯಂತ್ರದ ದೋಷದಂತೆಯೇ ಕಾಣಿಸಿ ದಿನಗಟ್ಟಲೆ ಅಲೆದಾಡಿಸುತ್ತವೆ.

ಪೆನ್ ಡ್ರೈವಿನಿಂದ ಓಡುವ ಲಿನಕ್ಸ್ ನಿಮ್ಮ ಡಿಸ್ಕಿನಲ್ಲಿ ಏನನ್ನೂ ಬರೆಯುವುದಿಲ್ಲ. ಅದನ್ನು ಇನ್‌ಸ್ಟಾಲ್ ಮಾಡುವ ಮೆಟ್ಟಿಲೆಂದು ಮಾತ್ರ ಎಣಿಸದೆ ಒಂದು ಸಂಜೆಯನ್ನು ಪೂರ್ತಿ ಅದರಲ್ಲೇ ಕಳೆಯಿರಿ. ವೈಫೈ ಹತ್ತುತ್ತದೆಯೇ? ಇಂಟೆಲ್‌ನ ವೈಫೈ ಚಿಪ್ ಇದ್ದರೆ ಬಹುಪಾಲು ಹತ್ತುತ್ತದೆ. ಬ್ರಾಡ್‌ಕಾಮ್‌ನದಾದರೆ, ರಿಯಲ್‌ಟೆಕ್‌ನ ಕೆಲವು ಮಾದರಿಗಳಾದರೆ, ಪ್ರತ್ಯೇಕ ಚಾಲಕ ಬೇಕಾಗಬಹುದು. ಧ್ವನಿ, ಕ್ಯಾಮೆರಾ, ಮೈಕ್, ಬ್ಲೂಟೂತ್, ಪರದೆಯ ಬೆಳಕು ಹೆಚ್ಚಿಸುವ ಗುಂಡಿ, ಎರಡು ಬೆರಳಿನಲ್ಲಿ ಪುಟ ಸರಿಸುವುದು ಎಲ್ಲವನ್ನೂ ಪರೀಕ್ಷಿಸಿ. ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ತೆರೆದು ನೋಡಿ. ನಿದ್ರೆಯಿಂದ ಏಳದಿರುವುದು ಲ್ಯಾಪ್‌ಟಾಪ್ ಲಿನಕ್ಸಿನ ಹಳೆಯ ಕಾಯಿಲೆ. ಬೆರಳಚ್ಚು ಓದುವ ಸಾಧನ ಕೆಲಸ ಮಾಡದಿದ್ದರೆ ಆಶ್ಚರ್ಯಪಡಬೇಡಿ, ಅವುಗಳಲ್ಲಿ ಅನೇಕಕ್ಕೆ ಲಿನಕ್ಸ್ ಚಾಲಕವೇ ಇಲ್ಲ.

ಅದೇ ಸಂಜೆ ತಂತ್ರಾಂಶಗಳ ಲೆಕ್ಕವನ್ನೂ ಮುಗಿಸಿ. ಫೋಟೋಶಾಪ್, ಮೈಕ್ರೋಸಾಫ್ಟ್ ಆಫೀಸಿನ ಡೆಸ್ಕ್‌ಟಾಪ್ ಆವೃತ್ತಿ ಇವು ಲಿನಕ್ಸ್‌ಗೆ ಇಲ್ಲ. ವೈನ್ ಎಂಬ ಮಧ್ಯವರ್ತಿಯ ಮೂಲಕ ಅವುಗಳ ಹಳೆಯ ಆವೃತ್ತಿಗಳನ್ನು ಓಡಿಸುವವರಿದ್ದಾರೆ, ದಿನನಿತ್ಯದ ಕೆಲಸಕ್ಕೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ನಿಮ್ಮ ಜೀವನೋಪಾಯ ಇವುಗಳಲ್ಲೊಂದನ್ನು ಅವಲಂಬಿಸಿದ್ದರೆ ಇಲ್ಲಿಗೇ ನಿಲ್ಲಿಸಿ, ಎಎಚ್‌ಸಿಐಯನ್ನು ರೇಡ್‌ಗೆ ಮರಳಿಸಿ, ನಷ್ಟವೇನೂ ಆಗಿರುವುದಿಲ್ಲ. ಲಿಬ್ರೆಆಫೀಸ್ ಸಾಕಾಗುವವರು ಒಂದು ಸಂಗತಿ ತಿಳಿದಿರಬೇಕು: ವರ್ಡ್ ಕಡತ ತೆರೆಯುತ್ತದೆ, ಪುಟಗಳು ಮುರಿಯುವ ಜಾಗ ಬದಲಾಗಬಹುದು. ಇದಕ್ಕೆ ಹೆಚ್ಚಾಗಿ ಕಾರಣ ಫಾಂಟ್. ಕ್ಯಾಲಿಬ್ರಿಯ ಅಳತೆಗೇ ಹೊಂದುವ ಕಾರ್ಲಿಟೊ, ಕೇಂಬ್ರಿಯಾಕ್ಕೆ ಕ್ಯಾಲಡಿಯಾ, ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಷನ್ ಸೆರಿಫ್ ಉಚಿತವಾಗಿ ಸಿಗುತ್ತವೆ. ವಿಂಡೋಸ್‌ನ ತುಂಗಾ ಅಥವಾ ನಿರ್ಮಲಾದಲ್ಲಿ ಬರೆದ ಕನ್ನಡಕ್ಕೆ ಅಂಥ ಜೋಡಿಯಿಲ್ಲ. ಆ ಪಠ್ಯ ನೋಟೊ ಸಾನ್ಸ್ ಕನ್ನಡದಂಥ ಇನ್ನೊಂದು ಫಾಂಟಿನಲ್ಲಿ ಸ್ಪಷ್ಟವಾಗಿ ಕಾಣುತ್ತದಾದರೂ ಹತ್ತು ಪುಟದ ಬರಹ ಹನ್ನೊಂದಾಗಬಹುದು.

ಈಗ ಇನ್‌ಸ್ಟಾಲರ್. ಭಾಷೆ, ಕೀಲಿಮಣೆ, ವೈಫೈ ದಾಟಿದ ಮೇಲೆ ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡುವ ಆಯ್ಕೆ ಬರುತ್ತದೆ. ಅಲ್ಲಿ ಡಿಸ್ಕುಗಳು ನಿಮಗೆ ಪರಿಚಿತವಾದ ‘ಸಿ’, ‘ಡಿ’ ಅಕ್ಷರಗಳಲ್ಲಿ ಇರುವುದಿಲ್ಲ. ಎನ್‌ವಿಎಂಇ ಎಂದು ಆರಂಭವಾಗುವ ಹೆಸರು ನಿಮ್ಮ ಒಳಗಿನ ಎಸ್‌ಎಸ್‌ಡಿಯದು. ಎಸ್‌ಡಿಎ, ಎಸ್‌ಡಿಬಿ ಎಂಬಂಥವು, ನಿಮ್ಮ ಯಂತ್ರದ ಮಟ್ಟಿಗೆ, ಪೆನ್ ಡ್ರೈವ್ ಇಲ್ಲವೇ ಎರಡನೆಯ ಡಿಸ್ಕು. ಹೆಸರಿಗಿಂತ ಗಾತ್ರವನ್ನು ನಂಬಿ. ವಿಂಡೋಸ್‌ನಲ್ಲಿ 238 ಜಿಬಿ ಎಂದು ಕಾಣುತ್ತಿದ್ದ ಡಿಸ್ಕ್ ಇಲ್ಲಿ 256 ಎಂದು ಕಾಣಬಹುದು. ಎರಡೂ ಒಂದೇ, ಒಂದು 1,024ರ ಲೆಕ್ಕ, ಇನ್ನೊಂದು 1,000ದ ಲೆಕ್ಕ. ಪಾರ್ಟಿಷನ್‌ಗಳನ್ನು ನೀವೇ ಕೈಯಾರೆ ಮಾಡುವ ಆಯ್ಕೆಗೆ ಹೋಗಬೇಡಿ. ಪೂರ್ತಿ ಡಿಸ್ಕನ್ನು ಕೊಟ್ಟರೆ ಯುಇಎಫ್‌ಐಗೆ (ಇಂದಿನ ಬಗೆಯ ಬಯೋಸ್‌ಗೆ) ಬೇಕಾದ ಸಣ್ಣ ಪಾರ್ಟಿಷನ್, ಅದರ ಬಳಿಕ ಲಿನಕ್ಸ್‌ನ ದೊಡ್ಡ ಪಾರ್ಟಿಷನ್, ಅದರೊಳಗೊಂದು ಸ್ವಾಪ್ ಕಡತ (ನೆನಪು ತುಂಬಿದಾಗ ಬಳಸುವ ಜಾಗ) ಎಲ್ಲವನ್ನೂ ಇನ್‌ಸ್ಟಾಲರೇ ಮಾಡಿಕೊಳ್ಳುತ್ತದೆ. ಎನ್‌ಕ್ರಿಪ್ಟ್ ಮಾಡಲೇ ಎಂದು ಕೇಳಿದರೆ, ಯಂತ್ರವನ್ನು ಹೊತ್ತು ತಿರುಗುವವರಾದರೆ ಒಪ್ಪಿಕೊಳ್ಳಿ. ಆ ಪಾಸ್‌ವರ್ಡ್ ಮರೆತರೆ ಡಿಸ್ಕನ್ನು ತೆರೆದುಕೊಡಬಲ್ಲವರು ಯಾರೂ ಇಲ್ಲ ಎಂಬುದನ್ನು ತಿಳಿದೇ ಒಪ್ಪಿಕೊಳ್ಳಿ.

ಸೆಕ್ಯೂರ್ ಬೂಟ್ ಬಂದ್ ಮಾಡಬೇಕೆಂಬ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ಮಿಂಟ್, ಉಬುಂಟು, ಫೆಡೋರಾ, ಡೆಬಿಯನ್ ಎಲ್ಲವೂ ಮೈಕ್ರೋಸಾಫ್ಟ್ ಸಹಿ ಮಾಡಿದ ‘ಶಿಮ್’ ಎಂಬ ಪುಟ್ಟ ತಂತ್ರಾಂಶದ ಮೂಲಕ ಶುರುವಾಗುವುದರಿಂದ, ಪೆನ್ ಡ್ರೈವ್ ತಾನೇ ತಕರಾರು ಮಾಡದಿದ್ದರೆ ಅದನ್ನು ಬಂದ್ ಮಾಡುವ ಅಗತ್ಯವಿಲ್ಲ. ಆದರೆ ಎನ್‌ವಿಡಿಯಾ ಗ್ರಾಫಿಕ್ಸ್‌ನಂಥ ಹೊರಗಿನ ಚಾಲಕವನ್ನು ಹಾಕಿಕೊಂಡರೆ ಒಂದು ವಿಚಿತ್ರ ಪರದೆ ಎದುರಾಗುತ್ತದೆ. ಇನ್‌ಸ್ಟಾಲರ್ ನಡುವೆ ಒಂದು ಪಾಸ್‌ವರ್ಡ್ ಕೇಳುತ್ತದೆ. ಅದು ನಿಮ್ಮ ಲಾಗಿನ್‌ಗೆ ಸಂಬಂಧಿಸಿದ್ದಲ್ಲ. ಮೊದಲ ಬಾರಿ ಯಂತ್ರ ಮರುಶುರುವಾದಾಗ ನೀಲಿ ಹಿನ್ನೆಲೆಯಲ್ಲಿ ‘ಎಂಒಕೆ ಮ್ಯಾನೇಜ್‌ಮೆಂಟ್’ ಎಂಬ ಶೀರ್ಷಿಕೆ ಬಂದು ಕೆಲವೇ ಕ್ಷಣ ನಿಲ್ಲುತ್ತದೆ. ಅಷ್ಟರೊಳಗೆ ಒಂದು ಕೀಲಿ ಒತ್ತಿ, ‘ಎನ್‌ರೋಲ್ ಎಂಒಕೆ’ ಆರಿಸಿ, ‘ಕಂಟಿನ್ಯೂ’, ‘ಯೆಸ್’ ಕೊಟ್ಟು, ಅದೇ ಪಾಸ್‌ವರ್ಡನ್ನು ಬರೆಯಬೇಕು. ಹೆಚ್ಚಿನವರು ಗಾಬರಿಯಿಂದ ಮೊದಲ ಸಾಲಿನ ‘ಕಂಟಿನ್ಯೂ ಬೂಟ್’ ಒತ್ತಿ ಹೊರಬರುತ್ತಾರೆ. ಆಮೇಲೆ ಚಾಲಕ ಓಡುತ್ತಿಲ್ಲವೆಂದು ಲಿನಕ್ಸನ್ನು ಬೈಯುತ್ತಾರೆ.

ಇನ್‌ಸ್ಟಾಲ್ ಆದ ಮೇಲಿನ ಕೆಲಸ ಸ್ವಲ್ಪವೇ. ಪರಿಷ್ಕರಣೆಗಳನ್ನೆಲ್ಲ ಹಾಕಿ ಒಮ್ಮೆ ಮರುಶುರು ಮಾಡಿ. ಮಿಂಟ್‌ನ ಜೊತೆಗೇ ಬರುವ ಟೈಮ್‌ಶಿಫ್ಟ್ ವ್ಯವಸ್ಥೆಯ ಚಿತ್ರಣವನ್ನು ಉಳಿಸಿಡುತ್ತದೆ, ನಿಮ್ಮ ಸ್ವಂತ ಕಡತಗಳನ್ನಲ್ಲ. ಅವಕ್ಕೆ ಬೇರೆ ಬ್ಯಾಕಪ್ ಬೇಕೇ ಬೇಕು. ಬ್ಯಾಟರಿ ಬೇಗ ಇಳಿಯುತ್ತಿದೆ ಎನಿಸಿದರೆ ಟಿಎಲ್‌ಪಿ ಎಂಬ ಉಪಕರಣ ಹಾಕಿ ನೋಡಬಹುದು. ಕನ್ನಡ ಬರೆಯಲು ಐಬಸ್ ಎಂಬ ಬರವಣಿಗೆಯ ತಂತ್ರಾಂಶ ಮತ್ತು ಅದರ ಎಂ17ಎನ್ ಕಂತೆಯನ್ನು ಹಾಕಿಕೊಂಡರೆ ನುಡಿಯಲ್ಲಿ ರೂಢಿಯಾದ ಕಗಪ ಕೀಲಿಮಣೆ ವಿನ್ಯಾಸವೂ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಸಿಗುತ್ತವೆ.

ಉಳಿದದ್ದು ನುಡಿಯ ಹಳೆಯ ಕಡತಗಳು. ಅವು ಯೂನಿಕೋಡ್‌ಗೆ ಮುಂಚಿನ ಬಗೆಯವಾಗಿದ್ದರೆ ಕಡತದೊಳಗೆ ಕನ್ನಡ ಅಕ್ಷರವೇ ಇರುವುದಿಲ್ಲ. ಇರುವುದು ಲ್ಯಾಟಿನ್ ಸಂಕೇತಗಳು, ಅವನ್ನು ಕನ್ನಡದ ಆಕಾರದಲ್ಲಿ ಬಿಡಿಸುವುದು ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಒತ್ತುಗುರುತು ಹೊತ್ತ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫಾಂಟ್ ಕಡತಗಳನ್ನು ಲಿನಕ್ಸ್‌ಗೂ ನಕಲು ಮಾಡಿಕೊಂಡರೆ ಓದಲಿಕ್ಕೇನೋ ಆಗುತ್ತದೆ, ಆದರೆ ಪದ ಹುಡುಕಲಾಗುವುದಿಲ್ಲ, ಬೇರೆಡೆ ಅಂಟಿಸಿದರೆ ಉಳಿಯುವುದಿಲ್ಲ. ನುಡಿಯಲ್ಲೇ ಯೂನಿಕೋಡ್‌ಗೆ ಪರಿವರ್ತಿಸುವ ಸೌಲಭ್ಯವಿದೆ, ಆದರೆ ಅದು ಓಡುವುದು ವಿಂಡೋಸ್‌ನಲ್ಲಿ. ಆದ್ದರಿಂದ ಈ ಕೆಲಸವೂ ಡಿಸ್ಕ್ ಅಳಿಸುವುದಕ್ಕಿಂತ ಮೊದಲಿನ ಪಟ್ಟಿಗೇ ಸೇರಿದ್ದು. ಪರಿವರ್ತಿಸಿದ್ದನ್ನು ಬೇರೆ ಫೋಲ್ಡರಿನಲ್ಲಿಟ್ಟು ಮೂಲವನ್ನೂ ಹಾಗೆಯೇ ಉಳಿಸಿಕೊಳ್ಳಿ. ಪ್ರತಿ ಕಡತದಿಂದ ಒಂದೊಂದು ಪುಟ ಓದಿ ನೋಡಿ. ಎಡವುವ ಜಾಗಗಳು ಹೆಚ್ಚಾಗಿ ಅರ್ಕಾವತ್ತು, ಒತ್ತಕ್ಷರದ ಮೇಲಿನ ದೀರ್ಘ, ಕೋಷ್ಟಕದೊಳಗಿನ ಇಂಗ್ಲಿಷ್ ಪದ. ಇಂಗ್ಲಿಷ್ ಪದವನ್ನೂ ಕನ್ನಡವೆಂದು ಭಾವಿಸಿ ಪರಿವರ್ತಿಸಿದ್ದರೆ ಅಲ್ಲಿ ಅರ್ಥವಿಲ್ಲದ ಅಕ್ಷರಗಳ ಗುಂಪು ಕುಳಿತಿರುತ್ತದೆ. ಮೂಲ ಕಡತ ಕೈಯಲ್ಲಿದ್ದರೆ ಅದನ್ನು ನೋಡಿಕೊಂಡು ತಿದ್ದಬಹುದು.